ಹಾರಿಸಲು ಬಾರದವರು ಬೇಕಾಗಿದ್ದಾರೆ

ವಾಪಸು ಬಂದ ಪೆಟ್ಟಿಗೆಗಳನ್ನು ಚಿಕ್ಕಪ್ಪ ಬಲೆಕೋಣೆಯ ಬಾಗಿಲಿಗೆ ಅಡ್ಡವಾಗಿ ಒಟ್ಟಿಸಿದ್ದ. ಒಳಗೆ ಹೋಗಬೇಕಾದರೆ ನಾನು ಅವುಗಳನ್ನು ದಾಟಬೇಕು, ದಾಟುವಾಗಲೆಲ್ಲ ನೋಡಬೇಕು, ನೋಡಿ ನಾಚಬೇಕು. ಅದು ಅವನ ಲೆಕ್ಕ. ಮೊದಲ ದಿನ ದಾಟಿದೆ. ಎರಡನೆಯ ದಿನ ಅವುಗಳ ಮೇಲೆಯೇ ಕೂತು ಗಂಜಿ ಕುಡಿದೆ.

ಬಲೆಕೋಣೆ ಎಂದರೆ ನಮ್ಮ ಕಾರ್ಖಾನೆಯ ಹಿಂಭಾಗದ ಕೋಣೆ. ನೆಲದಿಂದ ಸೂರಿನವರೆಗೆ ನಾಲ್ಕೂ ಕಡೆ ಮೀನಿನ ಬಲೆ ಬಿಗಿದಿದೆ. ತಯಾರಾದ ಪ್ರತಿಯೊಂದು ರಿಮೋಟ್ ಹೆಲಿಕಾಪ್ಟರೂ ಪೆಟ್ಟಿಗೆ ಸೇರುವ ಮೊದಲು ಇಲ್ಲಿ ಒಮ್ಮೆ ಹಾರಬೇಕು. ಹಾರಿಸುವವರು ನಾವಿಬ್ಬರು: ನಾನು, ಮತ್ತು ಹುನಾನ್ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ತಲೆ ನರೆಸಿಕೊಂಡ ಕುವಾಂಗ್. ಎದ್ದಿತೆ, ನಿಂತಿತೆ, ಇಳಿಯಿತೆ, ಮುಂದಿನದು. ಛೆಂಗ್‌ಹಾಯ್ ಊರಿನಲ್ಲಿ ಇಂಥ ಕೋಣೆಗಳಿಗೆ ಬರವಿಲ್ಲ. ಇಲ್ಲಿ ಒಂದು ಮನೆಯಲ್ಲಿ ಗೊಂಬೆಗೆ ಕಣ್ಣು ಕೂರಿಸುತ್ತಿದ್ದರೆ ಪಕ್ಕದ ಮನೆಯಲ್ಲಿ ಕಾರಿಗೆ ಚಕ್ರ ಕೂರಿಸುತ್ತಾರೆ, ಎದುರು ಮನೆಯಲ್ಲಿ ಅವೆರಡನ್ನೂ ನಕಲು ಮಾಡುತ್ತಾರೆ.

ವಾಪಸು ಬಂದ ಪೆಟ್ಟಿಗೆಗಳಲ್ಲಿದ್ದದ್ದು ಗುಬ್ಬಿ ಎಂಬ ಹೆಸರಿನ ಹೆಲಿಕಾಪ್ಟರ್. ಗುಬ್ಬಿ ನನ್ನದು.

ಅದಕ್ಕೂ ಮೊದಲು ಅಂಗಡಿಗಳಲ್ಲಿ ಎರಡೇ ಬಗೆಯ ಹೆಲಿಕಾಪ್ಟರ್ ಸಿಗುತ್ತಿದ್ದವು. ಒಂದು, ನಮ್ಮಂಥವರು ಮಾಡುವ ಅಗ್ಗದ್ದು. ಮೊದಲ ಸಲ ಬಿದ್ದಾಗಲೇ ಅದರ ಆಯುಷ್ಯ ಮುಗಿಯುತ್ತಿತ್ತು. ಇನ್ನೊಂದು, ಶೆನ್‌ಝೆನ್‌ನ ಶೋಕಿ ಅಂಗಡಿಗಳಲ್ಲಿ ಗಾಜಿನ ಹಿಂದೆ ಇಟ್ಟಿರುವಂಥದ್ದು. ಕೊಳ್ಳಲು ಒಂದು ತಿಂಗಳ ಸಂಬಳ ಬೇಕು, ಹಾರಿಸಲು ಮೊದಲೇ ಹಾರಿಸಿ ಗೊತ್ತಿರಬೇಕು. ಹಾರಿಸಬೇಕೆಂಬ ಆಸೆ ಈಗಷ್ಟೇ ಹುಟ್ಟಿದವನಿಗೆ ಇವೆರಡರ ನಡುವೆ ಏನೂ ಇರಲಿಲ್ಲ. ಹೊಸಬ ಬೀಳಿಸುತ್ತಾನೆ. ಬೀಳಿಸದೆ ಯಾರೂ ಕಲಿತಿಲ್ಲ. ಬಿದ್ದರೂ ಏಳುವಂಥದ್ದೊಂದರ ನಕ್ಷೆ ಬರೆದೆ ನಾನು: ಬಾಗುವ ಕಾಲು, ತಾಗಿದರೆ ಮುರಿಯದೆ ಮಡಚಿಕೊಳ್ಳುವ ರೆಕ್ಕೆ, ಒಂದೇ ತಿರುಪುಳಿಯಲ್ಲಿ ಬದಲಾಯಿಸಬಹುದಾದ ಗೇರು. ಪೆಟ್ಟಿಗೆಯೊಳಗೆ ಒಂದು ಪೊಟ್ಟಣ, ಅದರಲ್ಲಿ ಹೆಚ್ಚುವರಿ ರೆಕ್ಕೆ ಮತ್ತು ಎರಡು ಗೇರು. ಬೆಲೆ ಅಗ್ಗದ್ದಕ್ಕಿಂತ ಸ್ವಲ್ಪ ಜಾಸ್ತಿ, ಗಾಜಿನ ಹಿಂದಿನದರ ಹತ್ತಿರಕ್ಕೂ ಬರುವುದಿಲ್ಲ.

ಚಿಕ್ಕಪ್ಪ ಝೆನ್‌ಕುಯ್‌ಗೆ ಆ ಪೊಟ್ಟಣವನ್ನು ಕಂಡರೆ ಮೈ ಉರಿಯುತ್ತಿತ್ತು. ‘ಬೀಳಿಸ್ತಾರೆ, ಒಡೆಯುತ್ತೆ, ಇನ್ನೊಂದು ತಗೋತಾರೆ. ನೀನು ಅವರಿಗೆ ರಿಪೇರಿ ಕಲಿಸ್ತೀಯ. ನಮ್ಮ ಬಾಯಿಗೆ ನೀನೇ ಮಣ್ಣು ಹಾಕ್ತೀಯ, ಪೇಚುನ್’ ಎಂದಿದ್ದ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವನು ಅವನೇ. ಹಾಗಾಗಿ ನನ್ನ ಹಟ ಎಷ್ಟು ದಿನ ಬಾಳುತ್ತದೆಂದು ಅವನಿಗೆ ಗೊತ್ತಿತ್ತು. ಕೊನೆಗೆ ಗೊಣಗುತ್ತಲೇ ಗುಬ್ಬಿಗೆ ಉಕ್ಕಿನ ಅಚ್ಚು ಕೊರೆಸಿದ. ಟ್ರಂಕಿನಷ್ಟು ದೊಡ್ಡ ಎರಡು ಹೋಳು. ಅವುಗಳ ನಡುವೆ ಕರಗಿದ ಪ್ಲಾಸ್ಟಿಕ್ ಹರಿದರೆ ಗುಬ್ಬಿಯ ಮೈ ಹೊರಬರುತ್ತದೆ. ಹಾಂಗ್‌ಝೌನಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಅಂಗಡಿ ನಡೆಸುವ ಗು ಎಂಬಾಕೆ ಮೊದಲ ಸರಕನ್ನು ಕೊಂಡಳು.

ಸರಕು ಹೋಯಿತು, ತಿರುಗಿ ಬಂತು. ಗಿರಾಕಿಗಳು ಬರೆದ ದೂರು ಹೆಚ್ಚುಕಡಿಮೆ ಒಂದೇ: ಹಾರಿಸಲು ಆಗುತ್ತಿಲ್ಲ. ಮುರಿದಿದೆ ಎಂದು ಯಾರೂ ಬರೆದಿರಲಿಲ್ಲ. ಕುವಾಂಗ್ ಒಂದೊಂದೇ ಪೆಟ್ಟಿಗೆ ಬಿಚ್ಚಿ ಹಾರಿಸಿದ. ಎಲ್ಲವೂ ಹಾರಿದವು. ಒಂದನ್ನು ಚಹಾದ ಕೆಟಲಿನ ಸುತ್ತ ಪ್ರದಕ್ಷಿಣೆ ಹಾಕಿಸಿ, ಚಿಕ್ಕಪ್ಪನ ಸಿಗರೇಟಿನ ಹೊಗೆಯನ್ನು ಸೀಳಿಕೊಂಡು ಬಂದು ಅಂಗೈ ಮೇಲೆ ಇಳಿಸಿಕೊಂಡ. ಪ್ಯಾಕಿಂಗ್ ಮಾಡುವ ಹೆಂಗಸರು ನಕ್ಕರು. ಗಿರಾಕಿಗಳಿಗೆ ಕೈ ಇರುವ ಜಾಗದಲ್ಲೂ ಕಾಲೇ ಇರಬೇಕು ಎಂದಳು ಒಬ್ಬಳು. ನಾನೂ ನಕ್ಕೆ.

ಚಿಕ್ಕಪ್ಪ ನಗಲಿಲ್ಲ. ಚೆನ್ನಾಗಿರುವ ಮಾಲನ್ನು ವಾಪಸು ಕಳಿಸುವ ಗಿರಾಕಿಗಿಂತ ಒಡೆದದ್ದನ್ನು ಬಿಸಾಕಿ ಹೊಸದು ಕೊಳ್ಳುವ ಗಿರಾಕಿ ಎಷ್ಟೋ ವಾಸಿ ಎಂದ. ಗುಬ್ಬಿಯ ಅಚ್ಚನ್ನು ಪಕ್ಕದ ಕಾರ್ಖಾನೆಯ ಛಾಯ್‌ಗೆ ಕೊಡುವುದಾಗಿಯೂ ಹೇಳಿದ. ಛಾಯ್ ಸೋಪಿನ ಗುಳ್ಳೆ ಬಿಡುವ ಬಂದೂಕು ಮಾಡುತ್ತಾನೆ. ಅವನು ಆ ಉಕ್ಕನ್ನು ತರಿದು, ನನ್ನ ಗುಬ್ಬಿ ಇದ್ದ ಜಾಗದಲ್ಲಿ ಬಂದೂಕು ಕೊರೆಯುತ್ತಾನೆ. ಈ ತಿಂಗಳು ದೇವರಿಗೆ ಹೆಬ್ಬಾತು ಒಪ್ಪಿಸಿದ ಮಾರನೆಯ ದಿನವೇ ಲಾರಿ ಬರುತ್ತದೆ.

ನಾನು ಬಿಡುವುದಿಲ್ಲ ಎಂದೆ.

‘ನಿನ್ನ ಅಪ್ಪಣೆ ಕೇಳಿದವರು ಯಾರು?’ ಎಂದ ಚಿಕ್ಕಪ್ಪ.

ಮಾತು ಮುಗಿಸಲು ಅಂದು ಮಧ್ಯಾಹ್ನ ಛಾಯ್ ಬಂದ. ಬಂದವನಿಗೆ ಚಹಾ ಆಗಬೇಕು, ಬಸಿಯುವವಳು ನಾನು. ಎಷ್ಟು ಜನ ಕೂತಿದ್ದರೂ ನಮ್ಮಲ್ಲಿ ಮೂರೇ ಪುಟ್ಟ ಬಟ್ಟಲು; ಕುಡಿದವರು ಕೆಳಗಿಡುತ್ತಾರೆ, ಬಿಸಿನೀರಲ್ಲಿ ಅಲುಬಿ ಮತ್ತೆ ತುಂಬುವುದು. ಚಹಾ ಸೊಪ್ಪು ನೆನೆಯುವ ಮುಚ್ಚಳದ ಬೋಗುಣಿಗೆ ಹಿಡಿ ಇರುವುದಿಲ್ಲ. ಅಂಚನ್ನು ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಹಿಡಿದು, ತೋರುಬೆರಳಿನಿಂದ ಮುಚ್ಚಳ ಒತ್ತಿ ಬಸಿಯಬೇಕು. ಛಾಯ್ ಗುಬ್ಬಿಯನ್ನು ಎಷ್ಟು ಆಳಕ್ಕೆ ತರಿಯಬೇಕಾಗುತ್ತದೆಂದು ಕೈಯಲ್ಲಿ ಅಳತೆ ಮಾಡಿ ತೋರಿಸುತ್ತಿದ್ದ. ನಾನು ಅವನ ಕೈ ನೋಡುತ್ತಿದ್ದೆ. ಮುಚ್ಚಳ ಜಾರಿತು, ಕುದಿನೀರು ಬಲಗೈ ಹೆಬ್ಬೆರಳ ಮೇಲೆ ಹರಿಯಿತು.

‘ಕುಯ್ ಅಣ್ಣ, ಚಹಾ ಬಸಿಯೋಕೆ ಬಾರದ ಹುಡುಗಿನ ಯಾರಿಗೆ ಕಟ್ತೀಯ?’ ಎಂದ ಛಾಯ್.

ನಾನು ಬೋಗುಣಿಯನ್ನು ಕೈಬಿಡಲಿಲ್ಲ. ಮೂರೂ ಬಟ್ಟಲಿಗೆ ಒಂದೇ ಮಟ್ಟ ಬಸಿದು, ಅವನ ಬಟ್ಟಲನ್ನು ಅವನ ಮುಂದಿಟ್ಟು, ಆಮೇಲೆ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ.

ಮಾರನೆಯ ಬೆಳಿಗ್ಗೆ ಹೆಬ್ಬೆರಳಿಗೆ ದಪ್ಪಗೆ ಪಟ್ಟಿ ಸುತ್ತಿಕೊಂಡೇ ಕೆಲಸಕ್ಕೆ ನಿಂತೆ. ಮೊದಲ ಗುಬ್ಬಿಯನ್ನು ಎಬ್ಬಿಸಿದೆ. ಎದ್ದದ್ದೇ ಮೂತಿಯನ್ನು ಎಡಕ್ಕೆ ತಿರುಗಿಸತೊಡಗಿತು. ತಿರುಗುತ್ತಲೇ ಹೋಯಿತು. ಮುಂದಕ್ಕೆ ಒತ್ತಿದೆ, ಅಷ್ಟರಲ್ಲಿ ಅದರ ಮುಂದು ನನ್ನ ಕಡೆಗಾಗಿತ್ತು, ನೇರ ನನ್ನ ಎದೆಗೇ ಬಂತು. ಕೆಟ್ಟದ್ದಿರಬೇಕೆಂದು ಪಕ್ಕಕ್ಕಿಟ್ಟು ಎರಡನೆಯದನ್ನು ಎತ್ತಿಕೊಂಡೆ. ಅದು ಬಲಕ್ಕೆ ತಿರುಗಿತು. ಮೂರನೆಯದು ಮತ್ತೆ ಎಡಕ್ಕೆ. ನಿನ್ನೆ ಕುವಾಂಗ್ ಕೆಟಲಿನ ಸುತ್ತ ಸುತ್ತಿಸಿದ್ದನ್ನು ತಂದೆ. ಅದು ಬುಗುರಿಯ ಹಾಗೆ ಸುತ್ತಿ ಬಲೆಗೆ ಸಿಕ್ಕಿಬಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಯಂತ್ರಗಳು ನಿನ್ನೆಯವೇ, ಬ್ಯಾಟರಿ ನಿನ್ನೆಯದೇ. ಬದಲಾಗಿದ್ದದ್ದು ನನ್ನ ಹೆಬ್ಬೆರಳು ಮಾತ್ರ. ಪಟ್ಟಿಯ ಒಳಗಿಂದ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದ ದಿನಗಳಲ್ಲಿ, ಮೂತಿ ಎಡಕ್ಕೆ ಕೂದಲೆಳೆಯಷ್ಟು ಹೊರಳಿದರೂ ಬೆರಳು ನನ್ನನ್ನು ಕೇಳದೆ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತುತ್ತಿತ್ತು. ದಿನವಿಡೀ, ವರ್ಷಗಟ್ಟಲೆ ಹಾರಿಸಿ ನಮ್ಮ ಬೆರಳುಗಳು ಹಾಗಾಗಿದ್ದವು. ಸೊಟ್ಟಗಿದ್ದ ಗುಬ್ಬಿಗಳೆಲ್ಲ ನಮ್ಮ ಕೈಯಲ್ಲಿ ನೆಟ್ಟಗೆ ಹಾರಿ ಪೆಟ್ಟಿಗೆ ಸೇರಿದ್ದವು. ರಿಮೋಟಿನಲ್ಲಿ ಇದನ್ನು ಸರಿಪಡಿಸುವ ಸಣ್ಣ ಗುಂಡಿ ಒಂದಿದೆ, ನಿಜ. ಆದರೆ ಅದನ್ನು ತಿರುಗಿಸಲು ಯಂತ್ರ ಮೊದಲು ಗಾಳಿಯಲ್ಲಿ ನಿಲ್ಲಬೇಕು. ಹೊಸಬನ ಕೈಯಲ್ಲಿ ಅದು ನಿಲ್ಲುವುದೇ ಇಲ್ಲ. ಗಿರಾಕಿಗಳು ಸುಳ್ಳು ಹೇಳಿರಲಿಲ್ಲ.

ಕುವಾಂಗ್ ಒಪ್ಪಲಿಲ್ಲ. ಊರಿನಲ್ಲೇ ತನ್ನಷ್ಟು ಚೆನ್ನಾಗಿ ಹಾರಿಸುವವನಿಲ್ಲ ಎಂಬುದು ಅವನಿಗೆ ಗೊತ್ತು, ಊರಿಗೂ ಗೊತ್ತು. ‘ಕೈ ಸುಟ್ಕೊಂಡಿದ್ದು ನೀನು, ದೂರು ಹೇಳೋದು ಯಂತ್ರದ ಮೇಲಾ ತಂಗಿ?’ ಎಂದ. ಅವನ ಎರಡೂ ಹೆಬ್ಬೆರಳಿಗೆ ಹತ್ತಿ ಇಟ್ಟು ಟೇಪು ಸುತ್ತಿದೆ. ನಗುತ್ತಲೇ ಸುತ್ತಿಸಿಕೊಂಡ. ಮೊದಲ ಗುಬ್ಬಿ ಬಲೆಗೆ ಹೋಯಿತು. ಎರಡನೆಯದು ಸೂರಿಗೆ. ಮೂರನೆಯದು ಅವನ ಹೆಗಲಿಗೆ ಹೊಡೆದಾಗ ನಗು ನಿಂತಿತ್ತು. ಟೇಪನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಹೊರಗೆ ಹೋಗಿ ಸಿಗರೇಟು ಹಚ್ಚಿದ.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಗುಬ್ಬಿಗೆ ಮೇಲೊಂದು ಜೋಡಿ ರೆಕ್ಕೆ, ಕೆಳಗೊಂದು ಜೋಡಿ. ಒಂದು ಹೀಗೆ ಸುತ್ತಿದರೆ ಇನ್ನೊಂದು ಹಾಗೆ. ಎರಡಕ್ಕೂ ಬೇರೆ ಬೇರೆ ಮೋಟಾರು. ಎರಡರ ವೇಗ ಸರಿಸಮ ಇದ್ದರೆ ಮೈ ನೆಟ್ಟಗೆ ನಿಲ್ಲುತ್ತದೆ, ಒಂದು ಸೋಮಾರಿಯಾದರೆ ತಿರುಗುತ್ತದೆ. ಮೋಟಾರುಗಳು ಚೀಲದಲ್ಲಿ ಬರುತ್ತವೆ, ಕೈಗೆ ಸಿಕ್ಕ ಎರಡನ್ನು ಹಾಕುವುದು ವಾಡಿಕೆ. ನಾನು ಚೀಲ ಬಿಚ್ಚಿ, ಪ್ರತಿಯೊಂದನ್ನೂ ಓಡಿಸಿ ವೇಗ ಅಳೆದು, ಒಂದೇ ವೇಗದವನ್ನು ಒಂದೊಂದು ತಟ್ಟೆಗೆ ಹಾಕತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಇನ್ನೊಂದು ಸ್ಟೂಲು ಬಂತು. ಕುವಾಂಗ್ ಕೂತು ಚೀಲಕ್ಕೆ ಕೈ ಹಾಕಿದ. ಸಂಜೆಗೆ ನಮ್ಮ ಹತ್ತಿರ ಜೋಡಿ ಕೂಡಿಸಿದ ಗುಬ್ಬಿ ಒಂದು ತಯಾರಿತ್ತು.

ಚಿಕ್ಕಪ್ಪ ನಿಂತುಕೊಂಡೇ ಎಲ್ಲವನ್ನೂ ಕೇಳಿದ. ಮೋಟಾರು ಆರಿಸಲು ಇಬ್ಬರನ್ನು ಕೂರಿಸಿದರೆ ಬೆಲೆ ಇನ್ನಷ್ಟು ಏರುತ್ತದೆ ಎಂದ. ಏರಲಿ ಎಂದೆ. ಹಾಗಾದರೆ ಸರಿಯಾಗಿದೆ ಎಂದು ತೋರಿಸು ಎಂದ. ನಾನು ರಿಮೋಟ್ ಎತ್ತಿಕೊಂಡೆ.

‘ನೀನು ತೋರಿಸಬೇಡ. ನಿನ್ನ ಕೈಯಲ್ಲಿ ಇಟ್ಟಿಗೇನೂ ಹಾರುತ್ತೆ’ ಎಂದ.

ಅದು ನಿಜವಾಗಿತ್ತು. ಅವನು ಹೇಳಿದ ಎಷ್ಟೋ ಮಾತುಗಳಲ್ಲಿ ನನಗೆ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಹಾರಿಸಲು ಬಾರದವರು ಯಾರಾದರೂ ಬೇಕಿತ್ತು, ಮತ್ತು ನಾನಿದ್ದದ್ದು ಛೆಂಗ್‌ಹಾಯ್‌ನಲ್ಲಿ.

ಬೀದಿ ಕೊನೆಯಲ್ಲಿ ಹೆಬ್ಬಾತಿನ ಮಾಂಸ ಕತ್ತರಿಸಿ ಮಾರುವವನ ಹತ್ತಿರ ಹೋದೆ. ಕೈ ಪಳಗಿದೆಯೋ ಇಲ್ಲವೋ ತಿಳಿಯಲೆಂದು ಸೊಟ್ಟಗಿದ್ದ ಗುಬ್ಬಿಯನ್ನೇ ಕೊಟ್ಟೆ; ತೂಗುಹಾಕಿದ ಹೆಬ್ಬಾತುಗಳ ನಡುವೆ ನುಗ್ಗಿಸಿ ಈಚೆ ತಂದ. ಮದುವೆಗೆ ಮೊದಲು ಯಾವುದೋ ಬಲೆಕೋಣೆಯಲ್ಲೇ ಕೆಲಸ ಮಾಡುತ್ತಿದ್ದನಂತೆ. ಗೋಮಾಂಸದ ಉಂಡೆ ಬೇಯಿಸುವ ವಿಧವೆ ಬಲಗೈಯಲ್ಲಿ ಸೌಟು ಆಡಿಸುತ್ತಲೇ ಎಡಗೈಯೊಂದರಲ್ಲೇ ಅದನ್ನು ಹಬೆಯ ಮೇಲೆ ನಿಲ್ಲಿಸಿದಳು. ಔಷಧಿ ಅಂಗಡಿಯವನ ಅಣ್ಣನದೇ ಹೆಲಿಕಾಪ್ಟರ್ ಕಾರ್ಖಾನೆ. ಗುಡಿಯಲ್ಲಿ ಊದುಬತ್ತಿ ಮಾರುವ ಹಲ್ಲಿಲ್ಲದ ಅಜ್ಜಿಯ ಮುಂದೆ ಆಸೆಯಿಂದ ಕೂತೆ. ಅವಳು ರಿಮೋಟನ್ನು ತಿರುಗಿಸಿ ನೋಡಿ, ಇದರ ಕಡ್ಡಿ ತೀರಾ ಸಡಿಲ, ನಿಮ್ಮ ಚಿಕ್ಕಪ್ಪ ಸ್ಪ್ರಿಂಗಿನಲ್ಲೂ ದುಡ್ಡು ಉಳಿಸಿದ್ದಾನೆ ಎಂದಳು.

ಕಾರ್ಖಾನೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ: ಹಾರಿಸಲು ಬಾರದವರು ಬೇಕಾಗಿದ್ದಾರೆ, ಚಹಾ ಕೊಡಲಾಗುವುದು. ಯಾರೂ ಬರಲಿಲ್ಲ. ಈ ಊರಿನಲ್ಲಿ ಯಾರು ತಾನೇ ಬಂದು ನನಗೆ ಬಾರದು ಎನ್ನುತ್ತಾರೆ? ಮಾರನೆಯ ದಿನ ಅದರ ಕೆಳಗೆ ಯಾರೋ ಬರೆದಿದ್ದರು: ಬೇರೆ ಊರು ನೋಡಿಕೋ.

ಹೆಬ್ಬಾತು ಒಪ್ಪಿಸಿದ್ದಾಯಿತು. ಮಾರನೆಯ ದಿನ ಛಾಯ್ ಲಾರಿ ತಂದ, ಜೊತೆಗೆ ಇಬ್ಬರು ಆಳು. ಸರಪಳಿ ರಾಟೆಗೆ ಅಚ್ಚನ್ನು ಬಿಗಿದರು. ನಾನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಎದುರಿನ ಚೌಕಟ್ಟಿಗೆ ಕಾಲು ಕೊಟ್ಟು ನಿಂತೆ. ಆಳುಗಳು ನನ್ನನ್ನು ನೋಡಿದರು, ಛಾಯ್‌ನನ್ನು ನೋಡಿದರು, ಸರಪಳಿ ಬಿಟ್ಟು ಬೆವರು ಒರೆಸಿಕೊಂಡರು. ಅಚ್ಚು ನೆಲದಿಂದ ಗೇಣೆತ್ತರದಲ್ಲಿ ತೂಗುತ್ತಿತ್ತು.

‘ಸಿಕ್ಕಿದ್ನಾ ನಿನ್ನ ಬಾರದವನು?’ ಎಂದ ಚಿಕ್ಕಪ್ಪ.

ಮೂಲೆಯಲ್ಲಿದ್ದ ಕುವಾಂಗ್ ತನ್ನ ಕೈ ನೋಡಿಕೊಳ್ಳುತ್ತ, ಹವೆಯ ಬಗ್ಗೆ ಹೇಳುವವನಂತೆ ಹೇಳಿದ: ‘ಯಜಮಾನ್ರು ರಿಮೋಟ್ ಹಿಡಿದಿದ್ದು ನಾನಂತೂ ಯಾವತ್ತೂ ನೋಡಿಲ್ಲ.’

ಪ್ಯಾಕಿಂಗ್ ಮೇಜಿನ ಹತ್ತಿರ ಟೇಪು ಹರಿಯುವ ಸದ್ದು ನಿಂತಿತು. ನಾನು ಹಿಂದಿನದೆಲ್ಲ ನೆನಪಿಸಿಕೊಂಡೆ. ಚಿಕ್ಕಪ್ಪ ನೋಡುತ್ತಾನೆ, ಬೈಯುತ್ತಾನೆ, ಬೆಲೆ ಹೇಳುತ್ತಾನೆ, ಗಿರಾಕಿ ಬಂದರೆ ಹಾರಿಸು ಎಂದು ಕುವಾಂಗ್‌ಗೆ ಗದ್ದ ಎತ್ತಿ ತೋರಿಸುತ್ತಾನೆ. ಮೊದಲ ಸಲ ಎಲ್ಲರೂ ಬೀಳಿಸುತ್ತಾರೆ. ತನ್ನ ಆಳುಗಳ ಮುಂದೆ ಬೀಳಿಸಲು ಅವನಿಗೆ ಆಗಿರಲಿಲ್ಲ, ಅಷ್ಟೇ. ಹಾಗೆಯೇ ಇಷ್ಟು ವರ್ಷ ಕಳೆದಿದ್ದವು.

ನಾನು ಬಾಗಿಲಿನಿಂದ ಕಾಲು ತೆಗೆದು, ಹೋಗಿ ಅವನ ಕೈಗೆ ರಿಮೋಟ್ ಹಿಡಿಸಿದೆ. ‘ನೀನೇ ಹಾರಿಸು ಚಿಕ್ಕಪ್ಪ.’

‘ಕೆಲಸ ನೋಡು ಹೋಗು.’

‘ಇದೇ ಕೆಲಸ.’

‘ಏನು ಕುಯ್ ಅಣ್ಣ’ ಎಂದ ಛಾಯ್, ಪೆಟ್ಟಿಗೆಗಳ ಮೇಲೆ ಆರಾಮಾಗಿ ಕೂರುತ್ತ. ‘ಅಡುಗೆಯವನಿಗೆ ತನ್ನ ಸಾರು ರುಚಿ ನೋಡೋಕೆ ಭಯಾನಾ?’

ಅವನು ಸುಮ್ಮನಿದ್ದಿದ್ದರೆ ಚಿಕ್ಕಪ್ಪ ರಿಮೋಟನ್ನು ನನ್ನ ಮೇಲೆ ಎಸೆದು ಹೋಗುತ್ತಿದ್ದ. ಈಗ ಹೋಗುವಂತಿರಲಿಲ್ಲ. ಬಲೆಯೊಳಗೆ ನಡೆದ. ಮೊದಲು ವಾಪಸು ಬಂದ ಗುಬ್ಬಿಯನ್ನು ಮುಂದಿಟ್ಟೆ. ಅದು ಎದ್ದು, ತಿರುಗಿ, ಅವನ ಮೊಣಕಾಲಿಗೆ ಬಡಿಯಿತು. ಇನ್ನೊಂದು ಸಲವೂ ಹಾಗೆಯೇ. ಅವನ ಕಿವಿ ಕೆಂಪಾಯಿತು. ಗಿರಾಕಿಗಳು ಕಂಡದ್ದು ಇದನ್ನೇ ಎಂದೆ. ಅದನ್ನು ತೆಗೆದು ಜೋಡಿ ಕೂಡಿಸಿದ್ದನ್ನು ಇಟ್ಟೆ.

ಅದು ಎದ್ದಿತು. ಅವನ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಮೂತಿ ಎತ್ತಲೂ ಹೊರಳಲಿಲ್ಲ. ಚಿಕ್ಕಪ್ಪನ ಬಾಯಿ ಅರ್ಧ ತೆರೆದಿತ್ತು. ಆಮೇಲೆ ಆಸೆಪಟ್ಟು ಮುಂದಕ್ಕೆ ಒತ್ತಿದ, ಜಾಸ್ತಿ ಒತ್ತಿದ, ಗುಬ್ಬಿ ಬಲೆಗೆ ಬಡಿದು ನೆಲಕ್ಕೆ ಬಿತ್ತು. ಹಿಂದಿನ ಅಗ್ಗದ್ದಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದರ ರೆಕ್ಕೆ ಮಡಚಿಕೊಂಡಿತ್ತು. ಅವನೇ ಬಗ್ಗಿ ಬಿಡಿಸಿ ಮತ್ತೆ ಎಬ್ಬಿಸಿದ. ಬೀಳಿಸಿದ. ಎಬ್ಬಿಸಿದ. ಎರಡು ಸಲ ಗೇರು ಕಚ್ಚಿತು. ತಿರುಪುಳಿ ಕೇಳಿದ. ನಾನು ಪೊಟ್ಟಣ ಕೊಟ್ಟೆ, ಸಹಾಯ ಮಾಡಲಿಲ್ಲ. ನೆಲದ ಮೇಲೆ ಕೂತು ಅವನೇ ಬದಲಾಯಿಸಿದ. ತನಗೂ ಒಮ್ಮೆ ಕೊಡು ಎಂದು ಛಾಯ್ ಬಲೆಯಾಚೆಯಿಂದ ಕೇಳಿದ್ದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಬ್ಯಾಟರಿ ಮುಗಿಯುವವರೆಗೂ ಹಾರಿಸಿದ, ಇನ್ನೊಂದು ಬ್ಯಾಟರಿ ತರಿಸಿದ.

ಅಷ್ಟೂ ಹೊತ್ತು ನಾನು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ.

ಛಾಯ್ ಕೊನೆಗೆ ಬೇಸತ್ತು, ಸರಪಳಿಯನ್ನು ಹಾಗೆಯೇ ಬಿಟ್ಟು, ನಾಳೆ ಒಂದು ಮಾತು ಹೇಳಿ ಎಂದು ಲಾರಿ ಹತ್ತಿ ಹೋದ. ನಾನು ಹಾಂಗ್‌ಝೌಗೆ ಫೋನು ಮಾಡಿದೆ. ಗು ಅಕ್ಕ ನೇರವಾಗಿ ಹೇಳಿದಳು: ಗುಬ್ಬಿ ಮಾರಲು ನೀವು ಕಳಿಸಿದ್ದ ಹಳೆಯ ವಿಡಿಯೋ ನೋಡಿ ಇನ್ನು ಯಾರೂ ನಂಬುವುದಿಲ್ಲ, ಅದರಲ್ಲಿ ಕುವಾಂಗ್ ಸರ್ಕಸ್ಸು ಮಾಡುತ್ತಾನೆ, ಕೊಂಡವರ ಕೈಯಲ್ಲಿ ಅದು ಬೀಳುತ್ತದೆ. ನಮ್ಮ ಹತ್ತಿರ ಬೀಳುವ ವಿಡಿಯೋ ಇದೆ ಎಂದೆ. ಮಾರುವವನೇ ತನ್ನ ಮಾಲನ್ನು ಬೀಳಿಸುತ್ತಾನೆ, ಬಿದ್ದದ್ದನ್ನು ತಾನೇ ರಿಪೇರಿ ಮಾಡುತ್ತಾನೆ, ಮತ್ತೆ ಹಾರಿಸುತ್ತಾನೆ. ಅವಳು, ಕಳಿಸು, ಅದು ಬಂದರೆ ಸರಕು ತಗೋತೀನಿ, ಕುವಾಂಗ್‌ನದೇ ಆದರೆ ಬೇಡ ಎಂದಳು.

ಹೇಳದೆಯೇ ಕಳಿಸಬಹುದಿತ್ತು. ಕದ್ದು ಗೆಲ್ಲುವುದು ನನಗೆ ಬೇಕಿರಲಿಲ್ಲ. ಚಿಕ್ಕಪ್ಪನ ಮುಂದೆ ನಿಂತು ಹೇಳಿದೆ.

‘ಅಳಿಸು’ ಎಂದ.

‘ಅಳಿಸಲ್ಲ.’

‘ದೇಶಕ್ಕೆಲ್ಲ ನನ್ನ ಮುಖ ತೋರಿಸ್ತೀಯಾ? ಅಳಿಸದಿದ್ರೆ ಅಚ್ಚು ಛಾಯ್‌ಗೆ.’

‘ಅಳಿಸಿದ್ರೆ ಕೊಳ್ಳೋರು ಇಲ್ಲ, ಆಗಲೂ ಅಚ್ಚು ಛಾಯ್‌ಗೇ. ನಾನು ಯಾಕೆ ಅಳಿಸಬೇಕು?’

ಅವನು ಎದ್ದು ಹೋದ. ಆ ಸಂಜೆ ಬಲೆಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು.

ಬೆಳಿಗ್ಗೆ ಬಂದಾಗ ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೋಳು ಮುಚ್ಚುವಂತೆ ಕೂದಲನ್ನು ನೀರು ಹಚ್ಚಿ ಬಾಚಿಕೊಂಡು ಬಲೆಯ ನಡುವೆ ನಿಂತಿದ್ದ. ಇನ್ನೊಂದು ಸಲ ವಿಡಿಯೋ ತೆಗೆ ಎಂದ. ಗುಬ್ಬಿಯನ್ನು ಎಬ್ಬಿಸಿ, ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕಿಸಿ, ತನ್ನ ಕಾಲ ಬುಡದಲ್ಲಿ ಮೆತ್ತಗೆ ಇಳಿಸಿದ. ತಲೆ ಎತ್ತಿ ನನ್ನನ್ನು ನೋಡಿದಾಗ ಅವನ ಮುಖದಲ್ಲಿ ನಾನು ಯಾವತ್ತೂ ಕಾಣದ ಸಂತೋಷವಿತ್ತು.

ನಾನು ಫೋನು ಹೊರಗೆ ತೆಗೆಯಲಿಲ್ಲ.

‘ಇದು ನಡೆಯಲ್ಲ ಚಿಕ್ಕಪ್ಪ. ನೀನು ಕಲಿತುಬಿಟ್ಟಿದ್ದೀಯ. ಇದನ್ನ ಕುವಾಂಗ್ ಮಾಡಬಹುದು. ನಿನ್ನೆಯದೇ ಬೇಕು.’

‘ನಿನ್ನೆ ಅಂಗಿ ಗುಂಡಿ ಕೂಡ ಹಾಕಿರಲಿಲ್ಲ ನಾನು.’

‘ಇರಲಿ.’

‘ಮೊಣಕಾಲಿಗೆ ಹೊಡೆದದ್ದನ್ನಾದರೂ ಕತ್ತರಿಸು.’

‘ಕತ್ತರಿಸಲ್ಲ. ಅದು ಹಳೇ ಗುಬ್ಬಿ. ಏನು ಸರಿ ಮಾಡಿದ್ವಿ ಅಂತ ಜನಕ್ಕೆ ಗೊತ್ತಾಗಬೇಕು.’

ಅವನು ನನ್ನ ಜೇಬಿನಿಂದ ಫೋನು ಎಳೆದುಕೊಂಡ. ಅಳಿಸುತ್ತಾನೆ ಎಂದುಕೊಂಡೆ, ಕಿತ್ತುಕೊಳ್ಳಲು ಸಿದ್ಧಳಾಗಿ ನಿಂತೆ. ಅವನು ಮೊದಲಿನಿಂದ ಕೊನೆಯವರೆಗೂ ನೋಡಿದ. ಗೇರು ಬದಲಾಯಿಸುವಾಗ ನಾಲಿಗೆ ಹೊರಗೆ ಚಾಚಿ ಕಚ್ಚಿಕೊಂಡಿರುವುದನ್ನು ನೋಡಿದ. ಬಲೆಯಾಚೆ ಛಾಯ್ ಕೈ ಒಡ್ಡಿ ರಿಮೋಟ್ ಬೇಡುತ್ತಿರುವುದನ್ನು ಎರಡು ಸಲ ಹಿಂದಕ್ಕೆ ತಂದು ನೋಡಿದ. ಆಮೇಲೆ ಫೋನನ್ನು ನನ್ನ ಕಡೆ ಎಸೆದು, ಕುವಾಂಗ್‌ನನ್ನು ಕರೆದು, ತೂಗುತ್ತಿರುವ ಅಚ್ಚನ್ನು ಇಳಿಸಿ ಯಂತ್ರಕ್ಕೆ ಕೂರಿಸು ಎಂದ. ಛಾಯ್ ಕೇಳಿದರೆ ಹಳೆಯ ಅಗ್ಗದ ಹೆಲಿಕಾಪ್ಟರಿನ ಅಚ್ಚು ಬಿದ್ದಿದೆ, ಅದನ್ನು ಒಯ್ಯಲಿ ಎಂದ.

‘ಪೊಟ್ಟಣ ಬೇಡ. ಅದೊಂದು ಬಿಟ್ಟರೆ ಬೆಲೆ ಇಳಿಸಬಹುದು’ ಎಂದ ನನ್ನ ಕಡೆ ತಿರುಗಿ.

‘ಪೊಟ್ಟಣ ಇರುತ್ತೆ.’

‘ಗೇರಾದರೂ ಒಂದೇ ಹಾಕು.’

‘ನಿನ್ನೆ ನಿನಗೇ ಎರಡು ಬೇಕಾಯ್ತು.’

ಅವನು ನನ್ನ ಸತ್ತ ಅಪ್ಪನನ್ನೂ ಸೇರಿಸಿ ಬೈದ. ಹಿಂದೆ ಸರಪಳಿ ಗಲಗಲಿಸುತ್ತ ಅಚ್ಚು ಇಳಿಯುತ್ತಿತ್ತು. ನಾನು ಗು ಅಕ್ಕನಿಗೆ ಬೆಲೆ ಬರೆದೆ, ಪೊಟ್ಟಣವನ್ನೂ ಸೇರಿಸಿ. ಅವನ ಕಣ್ಣೆದುರಿಗೇ ವಿಡಿಯೋ ಕಳಿಸಿದೆ.